ಎಣ್ಣೆ ಕೇಳುವ ಗಾಲಿ

ನಮ್ಮೂರು ಇಟ್ಟಿಗಿಯಲ್ಲಿ ಬೆಳಗಿನ ಜಾವ ಬಂಡಿ ಹೊರಟರೆ, ಅದು ಯಾರ ಮನೆಯದೆಂದು ಮಲಗಿದಲ್ಲಿಂದಲೇ ಹೇಳಬಹುದಿತ್ತು. ಒಂದೊಂದು ಗಾಲಿಗೆ ಒಂದೊಂದು ದನಿ. ಹೊಲದ ದಾರಿಗೆ ಇಳಿಯುವ ಮುನ್ನ ಅಪ್ಪ ಎತ್ತುಗಳನ್ನು ನಾಲ್ಕು ಹೆಜ್ಜೆ ನಡೆಸಿ ಕಿವಿಗೊಡುತ್ತಿದ್ದ. “ಬಲಗಾಲಿ ಎಣ್ಣಿ ಕೇಳಾಕತ್ತೈತಿ, ತಮ್ಮಾ.” ನಾನು ಕೀಲೆಣ್ಣೆ ತರುತ್ತಿದ್ದೆ. ಅಪ್ಪ ಕಡಾಣಿ ಕಿತ್ತು, ಗಾಲಿಯನ್ನು ಅಚ್ಚಿನಿಂದ ಇಷ್ಟೇ ಈಚೆಗೆ ಎಳೆದು, ಎಣ್ಣೆ ಸವರುತ್ತಿದ್ದ. ಆಮೇಲೆ ಗಾಲಿ ಸುಮ್ಮನಾಗುತ್ತಿತ್ತು.

ಆ ಮಾತು ನನಗೆ ಮತ್ತೆ ನೆನಪಾದದ್ದು ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹಾಲಯದಲ್ಲಿ. ಡಿ. ವೀರೇಂದ್ರ ಹೆಗ್ಗಡೆಯವರು ಅಲ್ಲಿಯ ಧರ್ಮಾಧಿಕಾರಿಯಾದದ್ದು 1968ರಲ್ಲಿ, 20ರ ಆಸುಪಾಸಿನ ವಯಸ್ಸಿನಲ್ಲಿ. ಅಷ್ಟು ದೊಡ್ಡ ಕ್ಷೇತ್ರದ ಹೊಣೆಯ ನಡುವೆಯೂ ಹಳೆಯ ಕಾರುಗಳ ಮೇಲಿನ ಅಕ್ಕರೆಯನ್ನು ಅವರು ಬಿಡಲಿಲ್ಲ. ಆ ಅಕ್ಕರೆ ಬೆಳೆದು ಶ್ರೀರಂಗಪಟ್ಟಣದ ಹತ್ತಿರ ‘ಪಯಣ’ ಎಂಬ ಇನ್ನೊಂದು ಸಂಗ್ರಹಾಲಯವೂ ಆಗಿದೆ. ಧರ್ಮಸ್ಥಳದಲ್ಲಿ ಸಾಲಾಗಿ ನಿಂತ ಕಾರುಗಳ ಮುಂದೆ ನಡೆಯುವಾಗ ನಾನು ಮೊದಲು ನೋಡಿದ್ದು ಬಣ್ಣವನ್ನಲ್ಲ, ಗಾಲಿಗಳನ್ನು.

ಅಂದಿನಿಂದ ಇಂಥ ಕಾರುಗಳ ಒಳಗುಟ್ಟು ತಿಳಿಯುವ ಹಂಬಲ ಹತ್ತಿತು. ಉದಾಹರಣೆಗೆ, ಇಂಗ್ಲೆಂಡಿನ ಎಂಜಿ ಟಿಸಿ ಎಂಬ ಪುಟ್ಟ ಸ್ಪೋರ್ಟ್ಸ್ ಕಾರು 1945ರಿಂದ 1949ರವರೆಗೆ ತಯಾರಾಯಿತು. ಒಟ್ಟು ಸುಮಾರು 10,000. ಅದರ ತಗಡಿನ ಮೈಯೊಳಗೆ ಇರುವುದು ಮರದ ಚೌಕಟ್ಟು. ಅಂದರೆ ಅದನ್ನು ಮತ್ತೆ ಎಬ್ಬಿಸಲು ಮೆಕ್ಯಾನಿಕ್ ಒಬ್ಬನೇ ಸಾಲದು, ಬಡಿಗನೂ ಬೇಕು. ತಂತಿ ಕಡ್ಡಿಗಳ ಗಾಲಿಯನ್ನು ನಡುವಿನ ಒಂದೇ ನಟ್ಟು ಹಿಡಿದಿಟ್ಟಿರುತ್ತದೆ, ನಮ್ಮ ಕಡಾಣಿಯ ಹಾಗೆ. ಎಡಬದಿಯ ನಟ್ಟಿನ ತಿರುಪು ಒಂದು ಕಡೆಗೆ, ಬಲಬದಿಯದು ಅದರ ವಿರುದ್ಧ. ಕಾರು ಓಡಿದಷ್ಟೂ ಅದು ಸಡಿಲಾಗದೆ ಬಿಗಿಯಾಗಲೆಂದೇ ಹಾಗೆ ಮಾಡಿದ್ದಾರೆ. ಎಷ್ಟು ಚೆಂದದ ಯೋಚನೆ!

ಕೆಲಸ ಬಲ್ಲವರು ಆ ಕಡ್ಡಿಗಳನ್ನು ಒಂದೊಂದಾಗಿ ತಟ್ಟಿ ಕೇಳುತ್ತಾರೆ. ಬಿಗಿಯಾದದ್ದು ಟಿಣ್ ಎನ್ನುತ್ತದೆ, ಸಡಿಲಾದದ್ದು ಮಂದವಾಗುತ್ತದೆ. ಎಂಜಿನ್ನಿಗೆ ಎರಡು ಕಾರ್ಬ್ಯುರೇಟರ್. ಎರಡೂ ಸಮನಾಗಿ ಉಸಿರೆಳೆಯಬೇಕು. ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗೆ ಹಿಡಿದು, ಇನ್ನೊಂದನ್ನು ಮೊದಲು ಇದರ ಬಾಯಿಗೆ, ಆಮೇಲೆ ಅದರ ಬಾಯಿಗೆ ಒಡ್ಡಿ, ಎರಡರ ಸುಯ್‌ಗುಟ್ಟುವಿಕೆ ಒಂದಾಗುವವರೆಗೆ ಸ್ಕ್ರೂ ತಿರುಗಿಸುತ್ತಾರೆ. ಡಾಕ್ಟರು ಎದೆಗೆ ಕಿವಿಗೊಟ್ಟ ಹಾಗೆ. ಇದು ಅವಸರದವರ ಕೆಲಸವಲ್ಲ. ಅದಕ್ಕೇ ಇರಬೇಕು, ಈ ಗೀಳು ಹತ್ತಿದವರು ಒಂದೇ ಕಾರಿನೊಂದಿಗೆ ವರ್ಷಗಟ್ಟಲೆ ಕಳೆಯುತ್ತಾರೆ.

ಹೊದಿಕೆ ಹೊದಿಸಿ, ಬೀಗ ಹಾಕಿ ಇಟ್ಟರೆ ಕಾರು ಉಳಿಯುತ್ತದೆ ಎಂದುಕೊಂಡಿದ್ದೆ. ಹಾಗಲ್ಲ. ನಿಂತಲ್ಲೇ ಪೆಟ್ರೋಲು ಆರಿ ಅಂಟಾಗಿ ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರಿ ಸಿಲಿಂಡರಿಗೆ ತುಕ್ಕು ಹಿಡಿಸುತ್ತದೆ. ಭಾರ ಹೊತ್ತ ಟೈರು ಒಂದೇ ಕಡೆ ಚಪ್ಪಟೆಯಾಗುತ್ತದೆ. ಬೇಸಿಗೆಯಲ್ಲಿ ಹೂಡದೆ ಬಿಟ್ಟ ಬಂಡಿಯೂ ಹಾಗೆಯೇ: ಮರ ಒಣಗಿ ಗಾಲಿಯ ಹಳಿ ಸಡಿಲಾಗುತ್ತದೆ. 50 ವರ್ಷ ದಾಟಿದ ವಾಹನಗಳಿಗಾಗಿ ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮವು ದಿನಬಳಕೆಗೆ ಅವುಗಳನ್ನು ರಸ್ತೆಗಿಳಿಸಲು ಬಿಡುವುದಿಲ್ಲ, ಆದರೆ ರ‍್ಯಾಲಿಗೆ, ಪ್ರದರ್ಶನಕ್ಕೆ, ದುರಸ್ತಿಗೆ ಓಡಿಸಬಹುದು. ಅಷ್ಟಾದರೂ ಓಡಲಿ.

ಇನ್ನೊಂದು ಮಾತು. ಎಲ್ಲವನ್ನೂ ಥಳಥಳ ಹೊಸದು ಮಾಡುವುದು ನನ್ನ ಮನಸ್ಸಿಗೆ ಒಗ್ಗದು. ಸ್ಟೀರಿಂಗಿನ ಮೇಲೆ ಯಾರದೋ ಅಂಗೈ ಸವೆಸಿದ ಜಾಗವಿದ್ದರೆ ಅದು ಹಾಗೇ ಇರಲಿ. ನಮ್ಮ ಬಂಡಿಯ ಮೂಕಿಯ ಮೇಲೂ ಅಪ್ಪ ಕೂತು ಕೂತು ನುಣುಪಾದ ಒಂದು ಗೇಣು ಜಾಗವಿತ್ತು.

ಈಗ ಊರಲ್ಲಿ ಟ್ರ್ಯಾಕ್ಟರುಗಳೇ ಹೆಚ್ಚು. ಇವತ್ತು ನಸುಕಿನಲ್ಲಿ ಅಪರೂಪಕ್ಕೆ ಒಂದು ಬಂಡಿ ಹೋಯಿತು. ಕಿವಿ ತಾನಾಗಿ ನಿಮಿರಿತು. ಎದ್ದು ಕಟ್ಟೆಗೆ ಬಂದು ಕೂಗಿದೆ: “ಅಣ್ಣಾ, ಎಡಗಾಲಿ ಎಣ್ಣಿ ಕೇಳಾಕತ್ತೈತಿ!”

ಅವನು ಹಗ್ಗ ಜಗ್ಗಿ ಎತ್ತುಗಳನ್ನು ನಿಲ್ಲಿಸಿ, ಕೆಳಗಿಳಿದ.