ದಾರಿಯ ಸಾವಿಗೆ ಹೊಣೆ ಯಾರದು?

ಹೆದ್ದಾರಿಯಲ್ಲಿ ಒಬ್ಬನು ಮಡಿದ ಸುದ್ದಿ ಊರಿಗೆ ಮುಟ್ಟಿದಾಗ, ಕಟ್ಟೆಯ ಮೇಲೆ ಕುಳಿತವರ ಬಾಯಿಂದ ಎರಡು ಮಾತುಗಳಲ್ಲಿ ಒಂದು ಹೊರಡುವುದು ವಾಡಿಕೆ. ‘ಅವನ ಆಯುಷ್ಯ ಅಷ್ಟೇ ಇತ್ತು’ ಎಂಬುದು ಒಂದು. ‘ಹಾಗೆ ಓಡಿಸಿದರೆ ಇನ್ನೇನಾದೀತು’ ಎಂಬುದು ಮತ್ತೊಂದು. ಮೊದಲನೆಯದು ಹೊಣೆಯನ್ನು ವಿಧಿಯ ತಲೆಗೆ ಕಟ್ಟುತ್ತದೆ, ಎರಡನೆಯದು ಸತ್ತವನ ತಲೆಗೆ. ಮೇಲುನೋಟಕ್ಕೆ ಇವು ಒಂದಕ್ಕೊಂದು ವಿರುದ್ಧವಾದ ಮಾತುಗಳು. ಆದರೆ ಇವೆರಡರ ಫಲ ಒಂದೇ ಆಗಿದೆ: ಬದುಕುಳಿದ ನಾವು ಯಾರೂ ಏನನ್ನೂ ಮಾಡಬೇಕಾದುದಿಲ್ಲ.

2022ನೆಯ ಇಸವಿಯಲ್ಲಿ ಭಾರತದ ರಸ್ತೆಗಳ ಮೇಲೆ 1,68,491 ಜನ ಅಸುನೀಗಿದರೆಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಎಂದರೆ ದಿನವೊಂದಕ್ಕೆ 460ಕ್ಕೂ ಹೆಚ್ಚು ಜನ. ಇವರಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚಿನವರು ದ್ವಿಚಕ್ರ ವಾಹನದ ಮೇಲಿದ್ದವರು. 32,000ಕ್ಕೂ ಹೆಚ್ಚು ಜನ ಯಾವ ವಾಹನವನ್ನೂ ಏರದೆ ಬರಿಗಾಲಿನಲ್ಲಿ ನಡೆಯುತ್ತಿದ್ದವರು. ನಮ್ಮ ದೇಶವು ಈ ವಿಷಯದಲ್ಲಿ ಸುಮ್ಮನೆ ಕುಳಿತಿತ್ತೆಂದು ಹೇಳುವುದು ನ್ಯಾಯವಾಗದು. 2010ರಲ್ಲಿ ರಾಷ್ಟ್ರೀಯ ರಸ್ತೆ ಸುರಕ್ಷತಾ ನೀತಿಯೊಂದು ಅಂಗೀಕೃತವಾಯಿತು. 2015ರಲ್ಲಿ ಬ್ರೆಜಿಲ್ ದೇಶದಲ್ಲಿ ಸೇರಿದ ಸಮ್ಮೇಳನದಲ್ಲಿ, 2020ರ ವೇಳೆಗೆ ರಸ್ತೆಯ ಸಾವುಗಳನ್ನು ಅರ್ಧಕ್ಕೆ ಇಳಿಸುವ ಘೋಷಣೆಗೆ ಭಾರತವೂ ಒಪ್ಪಿಗೆಯಿತ್ತಿತು. ಆ ವರ್ಷ ಸತ್ತವರು 1,46,133. ಏಳು ವರ್ಷಗಳ ತರುವಾಯದ ಲೆಕ್ಕವನ್ನು ಮೇಲೆಯೇ ಕೊಟ್ಟಿದೆ. ಸಂಕಲ್ಪಕ್ಕೂ ಫಲಕ್ಕೂ ಇಷ್ಟು ಅಂತರವೇಕೆ ಬಂದಿತು?

ಉತ್ತರವನ್ನು ಹುಡುಕುವವರು ಸ್ವೀಡನ್ ದೇಶದತ್ತ ನೋಡುವುದುಂಟು. ಅಲ್ಲಿನ ಸಂಸತ್ತು 1997ರಲ್ಲಿ ಒಂದು ನಿರ್ಣಯವನ್ನು ಕೈಗೊಂಡಿತು. ರಸ್ತೆಯ ಮೇಲೆ ಇಷ್ಟು ಜನ ಸತ್ತರೆ ಸಹಿಸಬಹುದು, ಇದಕ್ಕಿಂತ ಹೆಚ್ಚಾಗಬಾರದು ಎಂಬ ಲೆಕ್ಕಾಚಾರವನ್ನೇ ಆ ನಿರ್ಣಯ ತಳ್ಳಿಹಾಕಿತು. ಸಹಿಸಬಹುದಾದ ಸಂಖ್ಯೆ ಸೊನ್ನೆ ಮಾತ್ರ ಎಂದಿತು. ಇದು ಕೇವಲ ಆಡಳಿತದ ಗುರಿಯಲ್ಲ, ಒಂದು ನೈತಿಕ ನಿಲುವು. ಪ್ರಯಾಣದ ವೇಳೆಯಲ್ಲಿ ಹತ್ತು ನಿಮಿಷಗಳನ್ನು ಉಳಿಸುವ ಲಾಭವನ್ನು ಒಂದು ತಕ್ಕಡಿಯಲ್ಲಿಟ್ಟು, ಮತ್ತೊಂದರಲ್ಲಿ ಮನುಷ್ಯನ ಪ್ರಾಣವನ್ನಿಟ್ಟು ತೂಗುವ ಅಧಿಕಾರ ಯಾರಿಗೂ ಇಲ್ಲವೆಂಬುದು ಅದರ ತಿರುಳು. ಅರ್ಥಶಾಸ್ತ್ರಜ್ಞರು ಇದನ್ನು ಒಪ್ಪಲಿಲ್ಲ. ಹಣಕ್ಕೆ ಮಿತಿಯಿರುವಾಗ ಎಲ್ಲವನ್ನೂ ತೂಗಲೇಬೇಕಾಗುತ್ತದೆ ಎಂದರು. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಈ ಲೆಕ್ಕದಲ್ಲಿ ಹತ್ತು ನಿಮಿಷ ಉಳಿಸಿಕೊಳ್ಳುವವನೇ ಒಬ್ಬ, ಪ್ರಾಣ ಕಳೆದುಕೊಳ್ಳುವವನೇ ಇನ್ನೊಬ್ಬ ಎಂಬುದನ್ನು ಅವರು ಮರೆತಂತೆ ತೋರುತ್ತದೆ.

ಆ ನಿರ್ಣಯದ ಇನ್ನೊಂದು ಅಂಶ ನಮ್ಮ ಕಟ್ಟೆಯ ಮಾತಿಗೆ ನೇರವಾಗಿ ತಾಗುವಂಥದು. ಮನುಷ್ಯನು ತಪ್ಪು ಮಾಡಿಯೇ ಮಾಡುತ್ತಾನೆ, ಅವನ ಶರೀರವೂ ಒಂದು ಮಿತಿಯನ್ನು ಮೀರಿದ ಪೆಟ್ಟನ್ನು ತಾಳಲಾರದು. ಇವೆರಡನ್ನೂ ಮೊದಲೇ ಬಲ್ಲವರು ರಸ್ತೆಯನ್ನು ಕಟ್ಟುವವರು. ವೇಗ ಇಮ್ಮಡಿಯಾದರೆ ಹೊಡೆತದ ಶಕ್ತಿ ನಾಲ್ಮಡಿಯಾಗುತ್ತದೆಂಬುದು ಶಾಲೆಯ ಹುಡುಗನೂ ಬಲ್ಲ ವಿಷಯ. ಗಂಟೆಗೆ 30 ಕಿಲೋಮೀಟರ್ ವೇಗದ ಕಾರು ಬಡಿದರೆ ಪಾದಚಾರಿಗಳಲ್ಲಿ ಬಹುಮಂದಿ ಬದುಕುಳಿಯುತ್ತಾರೆ. ಆ ವೇಗ ಏರಿದಂತೆಲ್ಲ ಬದುಕುವ ಆಸೆ ಬೇಗಬೇಗನೆ ಕ್ಷೀಣಿಸುತ್ತದೆ. ಆದುದರಿಂದ ಜನ ನಡೆದಾಡುವಲ್ಲಿ ವೇಗವೇ ಹುಟ್ಟದಂತೆ ದಾರಿಯನ್ನು ರೂಪಿಸತಕ್ಕದ್ದು. 1998ರಿಂದ ಸ್ವೀಡನ್ನಿನಲ್ಲಿ ಅಗಲವಾದ ಹಳೆಯ ರಸ್ತೆಗಳನ್ನು ಮೂರು ಸಾಲುಗಳಾಗಿ ವಿಂಗಡಿಸಿ, ಮುಂದಿನ ವಾಹನವನ್ನು ದಾಟುವ ಅವಕಾಶವನ್ನು ಒಮ್ಮೆ ಈ ದಿಕ್ಕಿನವರಿಗೆ ಒಮ್ಮೆ ಆ ದಿಕ್ಕಿನವರಿಗೆ ಕೊಟ್ಟು, ನಡುವೆ ಉಕ್ಕಿನ ಹಗ್ಗವನ್ನು ಬಿಗಿದರು. ಎದುರುಬದುರಾಗಿ ಡಿಕ್ಕಿ ಹೊಡೆಯುವ ಸಂಭವವೇ ಬಹುಮಟ್ಟಿಗೆ ಇಲ್ಲವಾಯಿತು. ಚಾಲಕರೇನೂ ಹಠಾತ್ತನೆ ಸಾಧುಗಳಾಗಲಿಲ್ಲ. ಅವರ ತಪ್ಪಿಗೆ ಮರಣದಂಡನೆ ತಪ್ಪಿತು, ಅಷ್ಟೆ. 2007ಕ್ಕೆ ಸಾವುಗಳನ್ನು ಅರ್ಧಕ್ಕೆ ಇಳಿಸಬೇಕೆಂಬ ಗುರಿಯನ್ನು ಆ ದೇಶವೂ ಮುಟ್ಟಲಿಲ್ಲವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ 1997ರಲ್ಲಿ 541 ಇದ್ದ ಸಾವುಗಳು 2020ರಲ್ಲಿ 204ಕ್ಕೆ ಇಳಿದವು.

ಹೊಣೆಯನ್ನು ಕಟ್ಟುವವನ ಮೇಲೆ ಹೊರಿಸಿದರೆ ನಡೆಯುವವನ ವಿವೇಕ ಸಡಿಲವಾಗದೆ ಎಂದು ಕೇಳಬಹುದು. ಪ್ರಶ್ನೆ ಯೋಗ್ಯವಾದುದೇ. ಆದರೆ ಊರ ಬಾವಿಗೆ ಕಟ್ಟೆ ಕಟ್ಟಿದವರು, ಮಕ್ಕಳಿಗೆ ಎಚ್ಚರಿಕೆ ಹೇಳಬೇಕಾಗಿಲ್ಲವೆಂದು ಎಣಿಸಿ ಕಟ್ಟಲಿಲ್ಲ. ಎಷ್ಟು ಹೇಳಿದರೂ ಒಂದು ದಿನ ಯಾವುದೋ ಮಗು ಮರೆತೀತೆಂದು ಕಟ್ಟಿದರು. ನಮ್ಮ ವರದಿಗಳು ನೂರಕ್ಕೆ 70ರಷ್ಟು ಸಾವುಗಳಿಗೆ ಅತಿವೇಗವೇ ಕಾರಣವೆಂದು ಬರೆದು ಕೈತೊಳೆದುಕೊಳ್ಳುತ್ತವೆ. ಊರ ನಡುವೆ ಆ ವೇಗವನ್ನು ಕೈಬೀಸಿ ಕರೆದ ರಸ್ತೆಯನ್ನು ಯಾರು ಕಟ್ಟಿದರೆಂಬ ಅಂಕಣ ಆ ಕೋಷ್ಟಕದಲ್ಲಿ ಸಿಗದು. 2019ರ ಮೋಟಾರು ವಾಹನಗಳ ತಿದ್ದುಪಡಿ ಕಾಯಿದೆಯು 198ಎ ಎಂಬ ಹೊಸ ಪ್ರಕರಣವನ್ನು ಸೇರಿಸಿ, ದೋಷಯುಕ್ತ ರಸ್ತೆಯನ್ನು ರೂಪಿಸಿದ ಅಧಿಕಾರಿಗೂ ಗುತ್ತಿಗೆದಾರನಿಗೂ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು ಎಡೆಮಾಡಿತು. ಮೊತ್ತ ಅಲ್ಪವೆನ್ನಬಹುದು, ಆದರೆ ಹೊಣೆಯು ಸತ್ತವನಿಂದ ಆಚೆಗೂ ಉಂಟೆಂದು ಕಾನೂನು ಒಪ್ಪಿದುದು ಸಣ್ಣ ಮಾತಲ್ಲ.

ದಯೆಯ ವಿಷಯದಲ್ಲಿಯೂ ಹೀಗೆಯೇ. ಗಾಯಗೊಂಡು ಬಿದ್ದವನನ್ನು ಸುತ್ತ ನಿಂತು ನೋಡುವರೇ ಹೊರತು ಯಾರೂ ಮುಟ್ಟುವುದಿಲ್ಲ, ಜನರಲ್ಲಿ ಕರುಣೆ ಬತ್ತಿತು ಎಂದು ನಾವು ಹಳಿಯುತ್ತೇವೆ. ಬತ್ತಿದುದು ಕರುಣೆಯೋ, ಬೆಳೆದುದು ಪೊಲೀಸ್ ಠಾಣೆಯ ಮತ್ತು ನ್ಯಾಯಾಲಯದ ಅಲೆದಾಟದ ಭಯವೋ? ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ಇಂತಹ ಸಹಾಯಕರ ರಕ್ಷಣೆಯ ಮಾರ್ಗಸೂಚಿಗಳಿಗೆ ಮುದ್ರೆಯೊತ್ತಿತು. ಅದೇ ವರ್ಷ ಕರ್ನಾಟಕದ ಶಾಸನಸಭೆ ಇದಕ್ಕೆಂದೇ ಒಂದು ಕಾಯಿದೆಯನ್ನು ರಚಿಸಿತು. 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಇದನ್ನು ಬಲ್ಲವರು ನಮ್ಮಲ್ಲಿ ಎಷ್ಟು ಜನ?

ಇನ್ನು ನಮ್ಮ ಕಣ್ಣೆದುರಿನ ನಿದರ್ಶನ. ಬೆಂಗಳೂರು–ಮೈಸೂರು ನಡುವಿನ ಸುಮಾರು 118 ಕಿಲೋಮೀಟರ್ ಉದ್ದದ ಹೊಸ ಹೆದ್ದಾರಿ 2023ರ ಮಾರ್ಚಿಯಲ್ಲಿ ಉದ್ಘಾಟನೆಯಾಯಿತು. ಮೊದಲ ತಿಂಗಳುಗಳಲ್ಲಿಯೇ ಅದರ ಮೇಲೆ ಸಾವುಗಳು ಸಾಲುಗಟ್ಟಿದವು. ವೇಗಕ್ಕೆ ಗಂಟೆಗೆ 100 ಕಿಲೋಮೀಟರಿನ ಮಿತಿ, ಅದನ್ನು ಅಳೆಯುವ ಕ್ಯಾಮರಾಗಳು ಬಂದವು. ಆಗಸ್ಟ್ 1ರಿಂದ ಬೈಕು, ಆಟೋರಿಕ್ಷಾ, ಟ್ರ್ಯಾಕ್ಟರುಗಳು ಮುಖ್ಯ ರಸ್ತೆಗೆ ಬರಕೂಡದೆಂಬ ನಿಷೇಧ ಬಂತು. ಮರುವರ್ಷ ಸಾವುಗಳು ಬಹಳಷ್ಟು ಇಳಿದವು. ಓಡಿಸುವವರು ಬದಲಾಗಲಿಲ್ಲ, ಏರ್ಪಾಡು ಬದಲಾಯಿತು. ಆದರೆ ಇಲ್ಲಿಯೂ ಮನಸ್ಸಿಗೆ ಸಮಾಧಾನವಿಲ್ಲ. ಜೀವ ಉಳಿಸಲು ನಾವು ಹೊರಹಾಕಿದುದು ಯಾರನ್ನು? ಅತಿವೇಗದವನನ್ನಲ್ಲ, ನಿಧಾನದವನನ್ನು. ಅವನಿಗೆ ಪಕ್ಕದ ರಸ್ತೆ ಉಳಿಯಿತು. ದಂಡೆಯ ಹಳ್ಳಿಯವನಿಗೆ ಬೇಲಿ ಉಳಿಯಿತು. ಮನೆ ಇತ್ತ, ಹೊಲ ಅತ್ತ ಆದವನು ಮೇಲುಸೇತುವೆಯೋ ಕೆಳದಾರಿಯೋ ಇರುವಲ್ಲಿಗೆ ಸುತ್ತಿ ಹೋಗಬೇಕು. ಇಲ್ಲವೆ ಬೇಲಿಯಲ್ಲಿ ಕಂಡಿ ಮಾಡಿಕೊಂಡು ನುಸುಳಬೇಕು. ನುಸುಳುವಾಗ ಅವನಿಗೆ ಏನಾದರೂ ಆದರೆ, ವರದಿಯಲ್ಲಿ ಅದು ಅವನದೇ ತಪ್ಪೆಂದು ದಾಖಲಾಗುತ್ತದೆ.