ರುಜುವಿನ ಹೊಣೆ

ಔಷಧಶಾಸ್ತ್ರದ ವಿದ್ಯಾರ್ಥಿಗೆ ವೃತ್ತಿಧರ್ಮವನ್ನು ಕಲಿಸುವ ಮಾತು ಬಂದಾಗಲೆಲ್ಲ ನಮ್ಮ ವಿದ್ಯಾಲಯಗಳು ಬಿಳಿಯ ನಿಲುವಂಗಿಯ ಶುಭ್ರತೆಯನ್ನೂ, ಸಮಯಪಾಲನೆಯನ್ನೂ, ಸಮಾರಂಭದಲ್ಲಿ ಕೈಯೆತ್ತಿ ಸ್ವೀಕರಿಸುವ ಪ್ರತಿಜ್ಞೆಯನ್ನೂ ಮುಂದಿಡುತ್ತವೆ. ಇವು ಬೇಡವೆಂದು ಯಾರೂ ಹೇಳಲಾರರು. ಆದರೆ ಇವೆಲ್ಲವನ್ನೂ ಚಾಚೂ ತಪ್ಪದೆ ಪಾಲಿಸಿದವನು ಕೂಡ, ತಾನು ಕೊಡುತ್ತಿರುವ ಮಾತ್ರೆಯ ವಿಷಯದಲ್ಲಿ ಸಂದೇಹ ಮೂಡಿದ ಗಳಿಗೆಯಲ್ಲಿ ಸುಮ್ಮನಿದ್ದುಬಿಡಬಹುದಾದುದರಿಂದ, ವೃತ್ತಿಧರ್ಮದ ನೆಲೆಯನ್ನು ಬೇರೆಡೆ ಅರಸಬೇಕಾಗಿದೆ. ನೋಡದುದನ್ನು ನೋಡಿದೆನೆಂದು ರುಜು ಹಾಕಲು ಒಪ್ಪದ ಮನಸ್ಸೇ ಆ ನೆಲೆಯೆಂದು ನನ್ನ ಎಣಿಕೆ.

ಸಂಧಿವಾತದ ರೋಗಿಯೊಬ್ಬರಿಗೆ ವೈದ್ಯರು ಮೆಥೊಟ್ರೆಕ್ಸೇಟ್ ಬರೆದಿರುವರೆಂದು ಭಾವಿಸೋಣ. ಈ ವ್ಯಾಧಿಗೆ ಅದನ್ನು ವಾರಕ್ಕೊಮ್ಮೆ ಮಾತ್ರ ಸೇವಿಸತಕ್ಕದ್ದು. ದಿನವೂ ನುಂಗಿದರೆ ಅಸ್ಥಿಮಜ್ಜೆ ಕುಂದಿ, ರಕ್ತಕಣಗಳು ಕ್ಷಯಿಸಿ, ಪ್ರಾಣವೇ ಹೋಗಬಹುದು. ಹೋದ ಪ್ರಸಂಗಗಳು ಅನೇಕ ದೇಶಗಳಲ್ಲಿ ದಾಖಲಾಗಿವೆ. ಚೀಟಿಯಲ್ಲಿ ಅವಸರದಿಂದಲೋ ಮರೆವಿನಿಂದಲೋ 'ದಿನಕ್ಕೊಂದು' ಎಂದು ಬಿದ್ದಿದ್ದರೆ, ಆ ತಪ್ಪಿಗೂ ರೋಗಿಗೂ ನಡುವೆ ಉಳಿದಿರುವವನು ಔಷಧ ಕೊಡುವವನೊಬ್ಬನೇ. ತರಗತಿಯಲ್ಲಿ ಕೇಳಿದುದು ಅವನಿಗೆ ನೆನಪಿರಬಹುದು, ಆದರೂ ಎದುರಿಗೆ ಕಾದುನಿಂತ ಜನರನ್ನೂ, ಬೇಗ ಕೊಡೆಂದು ಕಣ್ಣಿನಲ್ಲೇ ಅವಸರಿಸುವ ಮಾಲೀಕನನ್ನೂ, ಹೆಸರಾಂತ ವೈದ್ಯರಿಗೆ ಫೋನು ಮಾಡಿ "ಸಾರ್, ಇದು ವಾರಕ್ಕೊಮ್ಮೆಯಲ್ಲವೆ?" ಎಂದು ಕೇಳುವಾಗಿನ ಅಳುಕನ್ನೂ ದಾಟಿ ಕೈ ತಡೆಯುವ ಸಾಮರ್ಥ್ಯವು, ಹಾಗೆ ತಡೆದ ಹಿರಿಯರೊಬ್ಬರ ಪಕ್ಕದಲ್ಲಿ ನಿಂತು ಕಂಡು, ಅನಂತರ ಅವರೆದುರಿಗೇ ತಾನೂ ಮಾಡಿ, ಅಭ್ಯಾಸದಿಂದ ಪಡೆಯತಕ್ಕದ್ದು.

ನಿಯಮ ರಚಿಸಿದವರು ಇದನ್ನು ಅರಿಯದವರಲ್ಲ. 1991ರ ಶಿಕ್ಷಣ ನಿಯಮಾವಳಿಯು ಡಿಪ್ಲೊಮಾ ವಿದ್ಯಾರ್ಥಿಗೆ ಮೂರು ತಿಂಗಳಿಗೆ ಕಡಿಮೆಯಿಲ್ಲದಂತೆ 500 ಗಂಟೆಗಳ ಪ್ರಾಯೋಗಿಕ ತರಬೇತಿಯನ್ನು ವಿಧಿಸಿ, ಅದರಲ್ಲಿ 250 ಗಂಟೆಗಳಾದರೂ ಚೀಟಿಯಂತೆ ಔಷಧ ಕೊಡುವ ಕಾರ್ಯಕ್ಕೇ ಸಲ್ಲಬೇಕೆಂದಿತು. ಆದರೆ ಅಂಗಡಿಯ ಮೆಟ್ಟಿಲನ್ನೇ ಹತ್ತದೆ, ಪರಿಚಿತರಿಂದ ತರಬೇತಿಯ ಪತ್ರಕ್ಕೆ ರುಜು ಹಾಕಿಸಿ ತರುವ ರೂಢಿಯೊಂದು ಬೆಳೆದಿರುವುದು ಈ ಕ್ಷೇತ್ರದವರಿಗೆಲ್ಲ ತಿಳಿದುದೇ. ಅಲ್ಲಿ ನಷ್ಟವಾದುದು 500 ಗಂಟೆಗಳಷ್ಟೇ ಎಂದು ತಿಳಿಯಲಾಗದು. ವೃತ್ತಿಯ ಹೊಸ್ತಿಲಿನಲ್ಲೇ ಸುಳ್ಳು ರುಜು ಚಲಾವಣೆಯಾಗುವುದನ್ನು ವಿದ್ಯಾರ್ಥಿ ಕಲಿತನಲ್ಲ, ಆ ಪಾಠ ಮಾತ್ರ ಸಂಪೂರ್ಣವಾಗಿ ನಡೆದಿರುತ್ತದೆ. ನೋಂದಾಯಿತ ಫಾರ್ಮಸಿಸ್ಟನಲ್ಲದವನು ಚೀಟಿಯ ಔಷಧವನ್ನು ವಿತರಿಸಬಾರದೆಂದು 1948ರ ಫಾರ್ಮಸಿ ಕಾಯಿದೆಯ 42ನೆಯ ಕಲಮು ಸ್ಪಷ್ಟವಾಗಿ ಹೇಳುತ್ತಿದ್ದರೂ, ತನ್ನ ನೋಂದಣಿ ಪತ್ರವನ್ನು ತಿಂಗಳ ಬಾಡಿಗೆಗೆ ಕೊಟ್ಟು ತಾನು ಬೇರೆ ಊರಿನಲ್ಲಿರುವವನು ಆ ಮೊದಲ ಪಾಠವನ್ನು ಮುಂದುವರಿಸುತ್ತಿದ್ದಾನೆ, ಅಷ್ಟೆ.

ಪ್ರಾಮಾಣಿಕತೆಯು ತಾಯಿತಂದೆಯರಿಂದ ಬರತಕ್ಕ ಗುಣ, ಕಾಲೇಜು ಅದನ್ನು ಕಲಿಸಲಾರದು ಎಂಬ ಆಕ್ಷೇಪವನ್ನು ನಾನು ಲಘುವಾಗಿ ಎಣಿಸುವುದಿಲ್ಲ. ಆದರೆ ಮನೆಯಿಂದ ಸತ್ಯನಿಷ್ಠೆಯನ್ನು ತಂದ ಹುಡುಗನಿಗೂ, ಈ ವೃತ್ತಿಯಲ್ಲಿ ಯಾವ ಮೌನ ಅಸತ್ಯಕ್ಕೆ ಸಮವೆಂಬುದನ್ನು ವೃತ್ತಿಯೇ ತೋರಿಸಿಕೊಡಬೇಕು. 'ದಿನಕ್ಕೊಂದು' ಎಂದು ಬರೆದ ಚೀಟಿಗೆ ಮರುಮಾತಾಡದಿರುವುದು ದೊಡ್ಡವರಿಗೆ ತೋರುವ ವಿನಯವೆಂದೇ ಅವನು ಭಾವಿಸಿರಬಹುದು. ನಮ್ಮ ಮನೆಗಳೂ ಶಾಲೆಗಳೂ ಆ ವಿನಯವನ್ನೇ ಅವನಿಗೆ ಊಡಿರುತ್ತವೆ. ಗೌರವ ಕುಂದದಂತೆ ಪ್ರಶ್ನಿಸುವುದೊಂದು ವಿದ್ಯೆ. 2008ರಲ್ಲಿ ಬಂದ ಆರು ವರ್ಷಗಳ ಫಾರ್ಮ್.ಡಿ. ವ್ಯಾಸಂಗವು, ವಿದ್ಯಾರ್ಥಿಯನ್ನು ವೈದ್ಯರೊಡನೆ ರೋಗಿಯ ಹಾಸಿಗೆಯ ಬಳಿಗೆ ಕೊಂಡೊಯ್ಯುವುದರಿಂದ, ಆ ವಿದ್ಯೆಗೆ ಅವಕಾಶವನ್ನಾದರೂ ಕಲ್ಪಿಸಿದೆ. ಡಿಪ್ಲೊಮಾ ಓದಿ ಅಂಗಡಿಯಲ್ಲಿ ನಿಲ್ಲುವವನಿಗೆ ಅದು ದೊರೆಯಬೇಕಾದುದು ಆ ಮೂರು ತಿಂಗಳುಗಳಲ್ಲಿಯೇ.

ಆದಕಾರಣ ಗಂಟೆಗಳ ಲೆಕ್ಕಕ್ಕೆ ಬದಲಾಗಿ ಸಂದೇಹಗಳ ದಿನಚರಿಯನ್ನು ವಿದ್ಯಾರ್ಥಿಯಿಂದ ಕೇಳಬೇಕು: ಯಾವ ಚೀಟಿಯಲ್ಲಿ ಏನು ಸರಿಕಾಣಲಿಲ್ಲ, ಯಾರನ್ನು ಕೇಳಿದ, ಏನು ಉತ್ತರ ಬಂತು. ಅಧ್ಯಾಪಕರು ಅಂಗಡಿಗೆ ಹೋಗಿ ಹುಡುಗ ಅಲ್ಲಿರುವನೆ ಎಂದು ಕಣ್ಣಾರೆ ನೋಡಬೇಕು. ಇಲ್ಲದಿದ್ದರೆ, ಶುಲ್ಕ ಕಟ್ಟಿದವರ ಒತ್ತಾಯ ಎಷ್ಟೇ ಇರಲಿ, ಆ ಪತ್ರಕ್ಕೆ ತಾವು ರುಜು ಹಾಕಲಾರೆವೆಂದು ಅವರೇ ಮೊದಲು ಹೇಳಬೇಕು.