ಒಣಗಿದ ಮೇಲೂ ಉಳಿಯುವ ಹೊಳಪು



ಇಂದಿನ ಧಮ್ಮ ಚಿಂತನೆ

ಧಮ್ಮ ಬಂಧುಗಳೇ,

ಒಂದು ತಿಂಗಳಿಂದ ನಮ್ಮ ಗುಂಪಿನಲ್ಲಿ ಕಲ್ಲುಗಳ ಫೋಟೊ ಬರುತ್ತಿರುವುದನ್ನು ಎಲ್ಲರೂ ನೋಡಿದ್ದೀರಿ. ನರಸಾಪುರದ ಕಡೆ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುವ ನಮ್ಮ ಬಳಗದ ತಮ್ಮನೊಬ್ಬ ಕಲ್ಲು ನುಣುಪು ಮಾಡುವ ಸಣ್ಣ ಯಂತ್ರ ತರಿಸಿಕೊಂಡಿದ್ದಾನೆ. ಅದಕ್ಕೆ ಟಂಬ್ಲರ್ ಎನ್ನುತ್ತಾರೆ. (ಟಂಬ್ಲರ್ ಅಂದ ಕೂಡಲೇ ನಮ್ಮ ಹಿರಿಯರಿಗೆ ನೆನಪಾಗುವುದು ಹೋಟೆಲಿನ ಹೊರಗೆ ನಮಗೆಂದೇ ಬೇರೆ ಇಟ್ಟಿದ್ದ ಲೋಟ. ಇದು ಅದಲ್ಲ.) ವೇಮಗಲ್ ಸುತ್ತಮುತ್ತ ಹೊಲದ ಬದುಗಳಲ್ಲಿ ಬಿದ್ದಿರುವ ಬೆಣಚುಕಲ್ಲು, ಕರಿಕಲ್ಲಿನ ಚೂರುಗಳನ್ನು ಹೊಲದವರನ್ನು ಕೇಳಿಕೊಂಡೇ ಆರಿಸಿ ತರುತ್ತಾನೆ. ವಾರಗಟ್ಟಲೆ ತಿರುಗಿಸುತ್ತಾನೆ, ಫೋಟೊ ತೆಗೆದು ಹಾಕುತ್ತಾನೆ.

ಮೊನ್ನೆ ಹಿರಿಯ ಅಕ್ಕ ಒಬ್ಬರು ಅವನನ್ನು ಕೇಳಿದರು: "ನಮ್ಮಪ್ಪ, ನಮ್ಮ ತಾತ ಹೊಟ್ಟೆಪಾಡಿಗೆ ಕಲ್ಲು ಹೊಡೆದರು. ನೀನು ಷೋಕಿಗೆ ಕಲ್ಲು ಉಜ್ತೀಯಲ್ಲಪ್ಪ, ಇದರಿಂದ ಏನು ಬಂತು?"

ಅಕ್ಕ ಕೇಳಿದ್ದು ಸರಿಯಾದ ಪ್ರಶ್ನೆ. ಕೋಲಾರ ಸೀಮೆಯಲ್ಲಿ ಕಲ್ಲು ಎಂದರೆ ಕ್ವಾರಿ, ಜಲ್ಲಿ, ಸುತ್ತಿಗೆ, ಎದೆಗೆ ಹೋಗುವ ಧೂಳು. ಕೆಜಿಎಫ್ ಗಣಿಯಲ್ಲಿ ಬೆಣಚುಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್‌ನಿಂದ ಉಸಿರುಗಟ್ಟಿದವರಲ್ಲಿ ನಮ್ಮ ಜನ ಬಹಳ. ಅದೇ ಕಲ್ಲನ್ನು ಒಬ್ಬ ಹುಡುಗ ಬರೀ ನೋಡುವ ಸಂತೋಷಕ್ಕೆ ಕೈಗೆತ್ತಿಕೊಂಡರೆ ವಿಚಿತ್ರವಾಗಿ ಕಾಣುತ್ತದೆ. ಆದರೆ ಬಾಬಾಸಾಹೇಬರು 1945ರಲ್ಲಿ ಕಾಂಗ್ರೆಸ್ ಮತ್ತು ಗಾಂಧಿಯವರ ಬಗ್ಗೆ ಬರೆದ ಪುಸ್ತಕದಲ್ಲಿ ಈ ವಿಷಯವನ್ನೇ ವಾದಿಸಿದ್ದಾರೆ. ಬರೀ ಹೊಟ್ಟೆಗಾಗಿ ಬೆಳಗಿನಿಂದ ರಾತ್ರಿವರೆಗೆ ದುಡಿಯುವ ಬದುಕು ಪ್ರಾಣಿಯ ಬದುಕು, ಮನುಷ್ಯನಿಗೆ ಸಂಸ್ಕೃತಿ ಬೇಕು, ಅದಕ್ಕೆ ಬಿಡುವು ಬೇಕು, ಬಿಡುವು ಸಿಗಲು ಯಂತ್ರ ಬೇಕು ಎಂಬುದು ಅವರ ವಾದ. ಅವರು ಕಾರ್ಮಿಕ ಸದಸ್ಯರಾಗಿದ್ದ ಕಾಲದಲ್ಲೇ 1946ರ ಕಾರ್ಖಾನೆ ಕಾಯ್ದೆ ತಿದ್ದುಪಡಿಯ ಮಸೂದೆ ಬಂತು. ವಾರಕ್ಕೆ 54 ಗಂಟೆ ಇದ್ದ ದುಡಿಮೆ 48ಕ್ಕೆ ಇಳಿಯಿತು. ಪಾಳಿ ಮುಗಿಸಿ ಬಂದ ಹುಡುಗನ ಕೈಯಲ್ಲಿ ಉಳಿದಿರುವ ಒಂದೆರಡು ಗಂಟೆ ಆ ಲೆಕ್ಕದಿಂದ ಬಂದದ್ದು. ಅದನ್ನು ಅವನು ಕುಡಿತಕ್ಕೂ ಕೊಡಬಹುದಿತ್ತು, ಕಲ್ಲಿಗೆ ಕೊಟ್ಟಿದ್ದಾನೆ. ನನಗೇನೋ ಅಷ್ಟೇ ಸಾಕು ಅನಿಸುತ್ತದೆ. ಆದರೆ ಆ ಯಂತ್ರ ಕೆಲಸ ಮಾಡುವ ರೀತಿಯಲ್ಲಿ ಒಂದು ಪಾಠವೂ ಇದೆ.

ರಬ್ಬರಿನ ಪೀಪಾಯಿ, ಅದನ್ನು ಹಗಲೂ ರಾತ್ರಿ ನಿಧಾನವಾಗಿ ಉರುಳಿಸುವ ಮೋಟಾರು. ಮೂರರಲ್ಲಿ ಎರಡು ಪಾಲು ಕಲ್ಲು ತುಂಬಿ, ನೀರು ಹಾಕಿ, ಸಿಲಿಕಾನ್ ಕಾರ್ಬೈಡ್ ಎಂಬ ಗಟ್ಟಿ ಪುಡಿ ಹಾಕಬೇಕು. ಮೊದಲ ವಾರ ದಪ್ಪ ಪುಡಿ, ಅದು ಮೂಲೆ ಮೊನೆಗಳನ್ನು ತಿನ್ನುತ್ತದೆ. ಎರಡನೇ ವಾರ ಅದಕ್ಕಿಂತ ಸಣ್ಣದು, ಮೂರನೇ ವಾರ ಹಿಟ್ಟಿನಂಥದ್ದು, ಕೊನೆಗೆ ಹೊಳಪಿನ ಪುಡಿ. ನೀರಿರುವುದರಿಂದ ಧೂಳು ಏಳುವುದಿಲ್ಲ. ಒಣಕಲ್ಲನ್ನು ಮನೆಯಲ್ಲಿ ಯಾರೂ ಉಜ್ಜಬೇಡಿ, ಗಣಿಯವರಿಗೆ ಬಂದ ಕಾಯಿಲೆ ಹಾಗೆ ಬಂದದ್ದೇ. ಕೆಸರನ್ನು ಬಚ್ಚಲಿಗೆ ಸುರಿಯಬೇಡಿ, ಪೈಪಿನೊಳಗೆ ಸಿಮೆಂಟಿನಂತೆ ಗಟ್ಟಿಯಾಗುತ್ತದೆ.

ನಮ್ಮ ಕಡೆಯ ಎಲ್ಲ ಕಲ್ಲೂ ಇದಕ್ಕೆ ಒಗ್ಗುವುದಿಲ್ಲ. ಗ್ರಾನೈಟಿನಲ್ಲಿ ಬೆಣಚು ಗಟ್ಟಿ, ಫೆಲ್ಡ್‌ಸ್ಪಾರ್ ಸ್ವಲ್ಪ ಮೆತ್ತಗೆ, ಕಾಗೆ ಬಂಗಾರ ಬಹಳ ಮೆತ್ತಗೆ. ತಿರುಗಿಸಿದರೆ ಕಾಗೆ ಬಂಗಾರ ಕಿತ್ತು ಹೋಗಿ ಗುಳಿ ಬೀಳುತ್ತದೆ. ಒಂದೇ ಗಟ್ಟಿತನದ ಕಲ್ಲುಗಳು ಒಟ್ಟಿಗೆ ಉರುಳಬೇಕು. ಪುಡಿ ಮಾಡುವ ಕೆಲಸದಷ್ಟೇ ಕೆಲಸವನ್ನು ಅಲ್ಲಿ ಕಲ್ಲಿಗೆ ಕಲ್ಲು ಮಾಡುತ್ತದೆ.

ಈಗ ಫೋಟೊದ ವಿಷಯ. ಎರಡನೇ ವಾರ ಮುಗಿದ ಕಲ್ಲನ್ನು ನೀರಿನಿಂದ ತೆಗೆದ ಕೂಡಲೇ ನೋಡಿ, ಕನ್ನಡಿಯಂತೆ ಹೊಳೆಯುತ್ತದೆ. ಫೋಟೊ ತೆಗೆದರೆ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಹತ್ತು ನಿಮಿಷ ಬಿಟ್ಟು ನೋಡಿ, ಮಂಕು. ಕಾರಣ ಸರಳ. ಕಲ್ಲಿನ ಮೈಮೇಲೆ ಕಣ್ಣಿಗೆ ಕಾಣದ ಸಾವಿರ ಗೀರು, ಗುಳಿ ಇರುತ್ತವೆ. ಬೆಳಕು ಅವುಗಳಿಗೆ ಬಡಿದು ದಿಕ್ಕಾಪಾಲಾಗುತ್ತದೆ. ನೀರು ಆ ಗುಳಿಗಳನ್ನು ತುಂಬಿ ಮಟ್ಟ ಮಾಡಿದಾಗ ಬೆಳಕು ಒಂದೇ ದಿಕ್ಕಿಗೆ ತಿರುಗುತ್ತದೆ. ನೀರು ಆರಿದರೆ ಗೀರು ಇದ್ದಲ್ಲೇ ಇದೆ. ಅದಕ್ಕೇ ಈ ಹವ್ಯಾಸದವರು ಒಣಗಿಸಿ, ನೆರಳಿನಲ್ಲಿ ಇಟ್ಟು, ಕಿಟಕಿಯ ಪ್ರತಿಬಿಂಬ ಕಲ್ಲಿನ ಮೇಲೆ ಗೆರೆ ಕೊಯ್ದಂತೆ ಸ್ಪಷ್ಟವಾಗಿ ಬಿದ್ದರೆ ಮಾತ್ರ ಕೆಲಸ ಆಯಿತು ಎನ್ನುತ್ತಾರೆ. ಒದ್ದೆ ಕಲ್ಲಿನ ಫೋಟೊ ಹಾಕಿ ಪಾಲಿಶ್ ಆಯಿತು ಎನ್ನುವುದು ಮುಸಾವಾದವೇ. ಚಿಕ್ಕದು, ಆದರೂ ನಾಲ್ಕನೇ ಶೀಲಕ್ಕೆ ಸೇರಿದ್ದು.

ಬಂಧುಗಳೇ, ನಾವೂ ವರ್ಷಕ್ಕೆ ಕೆಲವು ಸಲ ಚೆನ್ನಾಗಿ ನೆನೆಯುತ್ತೇವೆ. ಏಪ್ರಿಲ್ 14, ಬುದ್ಧ ಪೂರ್ಣಿಮೆ, ಅಕ್ಟೋಬರ್ 14, ಡಿಸೆಂಬರ್ 6. ಬಿಳಿ ಬಟ್ಟೆ, ನೀಲಿ ಶಾಲು, ತಿಸರಣ, ಪಂಚಶೀಲ, ಕೈಯಲ್ಲಿ ಮೇಣದಬತ್ತಿ. ಅವತ್ತು ನಮ್ಮ ಫೋಟೊ ಯಾರು ತೆಗೆದರೂ ಹೊಳೆಯುತ್ತೇವೆ. ಅದು ಬೇಡ ಎನ್ನುತ್ತಿಲ್ಲ, ಕಲ್ಲಿಗೂ ನೀರಿಲ್ಲದೆ ಕೆಲಸ ನಡೆಯುವುದಿಲ್ಲ. ಆದರೆ ಮಾರನೇ ದಿನ ಮನೆಯಲ್ಲಿ ಹೆಂಡತಿ ಕಾಫಿ ತಡಮಾಡಿದಾಗ, ಕಚೇರಿಯಲ್ಲಿ ಸಾಹೇಬರು ಕೈ ಚಾಚಿದಾಗ, ಒಣಗಿದ ನಮ್ಮ ಮೈಯಲ್ಲಿ ಏನು ಕಾಣುತ್ತದೆ?

ಗೀರು ಹೇಗೆ ಹೋಗುತ್ತದೆ ಎಂದು ಭಗವಾನರು ಹೇಳಿದ ಸುತ್ತವೊಂದಿದೆ. ಅಂಗುತ್ತರ ನಿಕಾಯದ ತಿಕ ನಿಪಾತದಲ್ಲಿದೆ, ಹೆಸರು ಪಂಸುಧೋವಕ ಸುತ್ತ, ಅಂದರೆ ಮಣ್ಣು ತೊಳೆಯುವವನ ಸುತ್ತ. ಚಿನ್ನದ ಮಣ್ಣು ತೊಳೆಯುವವನ ಹೋಲಿಕೆ ಅದು. ಸುಮಾರು 120 ವರ್ಷ ಚಿನ್ನ ತೆಗೆದು 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಜಿಲ್ಲೆ ನಮ್ಮದು. ಕಲ್ಲು ಪುಡಿಮಾಡಿ, ತೊಳೆದು, ಟನ್ ಕಲ್ಲಿನಲ್ಲಿ ಗ್ರಾಂ ಲೆಕ್ಕದ ಚಿನ್ನ ಹುಡುಕಿದವರ ಮಕ್ಕಳು ನಮ್ಮ ನಡುವೆಯೇ ಇದ್ದಾರೆ. ಈ ಸುತ್ತ ನಮಗೇ ಹೇಳಿದಂತಿದೆ.

ತೊಳೆಯುವವನು ಮೊದಲು ಹೆಂಟೆ, ಹರಳು, ದಪ್ಪ ಕೊಳೆ ತೆಗೆಯುತ್ತಾನೆ. ಆಮೇಲೆ ನಡುತರದ್ದು, ಅಂದರೆ ಸಣ್ಣ ಹರಳು, ದಪ್ಪ ಮರಳು. ಕೊನೆಗೆ ನುಣ್ಣನೆ ಮರಳು, ಕರಿ ಧೂಳು. ಮನಸ್ಸಿನಲ್ಲೂ ಹಾಗೆಯೇ. ದಪ್ಪ ಕೊಳೆ ಎಂದರೆ ಮೈ, ಮಾತು, ಮನಸ್ಸಿನ ಕೆಟ್ಟ ನಡತೆ. ನಡುತರದ್ದು ಕಾಮದ, ದ್ವೇಷದ, ಹಿಂಸೆಯ ಯೋಚನೆ. ಇವು ಹೋದ ಮೇಲೂ ಉಳಿಯುವ ಕರಿ ಧೂಳು ಯಾವುದು? ಸುತ್ತ ಮೂರು ಹೇಳುತ್ತದೆ: ಜಾತಿಯ ಯೋಚನೆ, ಸ್ವಂತ ಸೀಮೆಯ ಯೋಚನೆ, ಯಾರೂ ನನ್ನನ್ನು ಕೀಳಾಗಿ ಕಾಣಬಾರದು ಎಂಬ ಯೋಚನೆ. (ಕೆಲವು ಪಾಠಗಳಲ್ಲಿ ಮೊದಲನೆಯದು ಜಾತಿ ಅಲ್ಲ, ಞಾತಿ, ಅಂದರೆ ನೆಂಟರು ಎಂದಿದೆ. ನಮ್ಮ ದೇಶದಲ್ಲಿ ಎರಡಕ್ಕೂ ಎಷ್ಟು ದೂರ ಎಂದು ನೀವೇ ಹೇಳಿ.)

ಜಾತಿಯ ಯೋಚನೆ ದಪ್ಪ ಕೊಳೆಯ ಜೊತೆ ಮೊದಲೇ ಹೋಗುತ್ತದೆ ಎಂದು ಭಗವಾನರು ಹೇಳಲಿಲ್ಲ. ಕೊನೆಯ ಕೊಳೆ ಅದು. ಎಲ್ಲ ಬಿಟ್ಟು ಸಾಧನೆಗೆ ಕುಳಿತವನಲ್ಲೂ ಉಳಿದಿರುವಷ್ಟು ಸಣ್ಣದು.

ಮೇಲಿನವರ ಜಾತಿಯ ಬಗ್ಗೆ ನಾವು ಗಂಟೆಗಟ್ಟಲೆ ಮಾತಾಡಬಲ್ಲೆವು, ಮಾತಾಡಲೂ ಬೇಕು. ಆದರೆ ಬಲಗೈ, ಎಡಗೈ ಎಂಬ ಲೆಕ್ಕ ನಮ್ಮ ವಂದನೆಯ ಚಾಪೆಯ ಮೇಲೂ ಕುಳಿತಿದೆ. ಮಗಳಿಗೆ ಗಂಡು ನೋಡುವಾಗ "ಬೌದ್ಧರಾದರೆ ಸಾಕು" ಎನ್ನುತ್ತೇವೆ. ಸ್ವಲ್ಪ ಹೊತ್ತು ಬಿಟ್ಟು "ನಮ್ಮವರಲ್ಲೇ ಸಿಕ್ಕರೆ ಒಳ್ಳೇದು" ಎಂದು ಸೇರಿಸುತ್ತೇವೆ. ಆ ಎರಡನೇ ಮಾತೇ ಕರಿ ಧೂಳು. ಒಳಮೀಸಲಾತಿ ಪಾಲಿನ ಪ್ರಶ್ನೆ, ನ್ಯಾಯದ ಪ್ರಶ್ನೆ, ಅದನ್ನು ನಾನು ಧೂಳು ಎನ್ನುತ್ತಿಲ್ಲ. ಪಾಲು ಕೇಳುವುದು ಬೇರೆ, ಪಕ್ಕದವನ ಮನೆಯಲ್ಲಿ ಉಣ್ಣಲು ಹಿಂಜರಿಯುವುದು ಬೇರೆ.

ಸೀಮೆಯ ಯೋಚನೆಯೂ ನಮ್ಮಲ್ಲಿದೆ. "ಕೆಜಿಎಫ್‌ನವರು ತಮಿಳರು, ಅವರದು ಬೇರೆ" ಎಂಬ ಮಾತು ಕೇಳಿದ್ದೇನೆ. ಅಯೋತಿದಾಸ ಪಂಡಿತರ ಪ್ರೇರಣೆಯಿಂದ ಮಾರಿಕುಪ್ಪಂ, ಚಾಂಪಿಯನ್ ರೀಫ್‌ನ ಗಣಿ ಕಾರ್ಮಿಕರು 20ನೇ ಶತಮಾನದ ಆರಂಭದಲ್ಲೇ ಬುದ್ಧನಿಗೆ ಶರಣು ಹೋದವರು. 1956ರ ನಾಗಪುರಕ್ಕಿಂತ ಎಷ್ಟೋ ಮೊದಲು! ಈ ಜಿಲ್ಲೆಯಲ್ಲಿ ಧಮ್ಮದ ಮಟ್ಟಿಗೆ ಅವರೇ ನಮ್ಮ ಅಣ್ಣಂದಿರು.

ಮೂರನೆಯದು ನಮಗೆ ಕಷ್ಟದ್ದು. ಕೀಳಾಗಿ ಕಾಣಿಸಿಕೊಂಡೇ ಬದುಕಿದ ಜನಕ್ಕೆ "ಆ ಯೋಚನೆ ಬಿಡು" ಎಂದರೆ ಸಿಟ್ಟು ಬರುತ್ತದೆ. ನಾನು ಅರ್ಥ ಮಾಡಿಕೊಂಡಿರುವುದು ಹೀಗೆ. ಅವಮಾನ ಮಾಡಿದವನ ಮೇಲೆ ದೂರು ಕೊಡುವುದು ಸ್ವಾಭಿಮಾನ, ಅದಕ್ಕೆ ಕಾನೂನಿದೆ, ಕೊಡಲೇಬೇಕು. ಮೇಲಿನವರು ಮೆಚ್ಚಲಿ ಎಂದು ಸಾಲ ಮಾಡಿ ಮನೆ ಗೃಹಪ್ರವೇಶ ಮಾಡುವುದು, ಹಾಕಿದ ಫೋಟೊಗೆ ಎಷ್ಟು ಹೆಬ್ಬೆರಳು ಬಂತು ಎಂದು ರಾತ್ರಿ ಎದ್ದು ನೋಡುವುದು ಧೂಳು.

ಟಂಬ್ಲರಿನಲ್ಲೂ ಕೊನೆಯ ಹಂತದ ಕಷ್ಟ ಇದೇ. ಮೊದಲ ವಾರದ ದಪ್ಪ ಪುಡಿಯ ಒಂದೇ ಒಂದು ಕಣ ಕಲ್ಲಿನ ಬಿರುಕಿನಲ್ಲಿ ಉಳಿದು ಹೊಳಪಿನ ಹಂತಕ್ಕೆ ಬಂದರೆ ಪೀಪಾಯಿಯ ಅಷ್ಟೂ ಕಲ್ಲಿಗೆ ಗೀರು. ಅದಕ್ಕೇ ಹಂತ ಬದಲಿಸುವಾಗ ಕಲ್ಲು, ಪೀಪಾಯಿ, ಮುಚ್ಚಳ ಎಲ್ಲವನ್ನೂ ಬ್ರಷ್ ಹಾಕಿ ತೊಳೆಯುತ್ತಾರೆ. ಬಿರುಕಿರುವ ಕಲ್ಲನ್ನು ಮೊದಲೇ ಪಕ್ಕಕ್ಕಿಡುತ್ತಾರೆ. ಈ ಒಂದು ವಿಷಯಕ್ಕೆ ಮಾತ್ರ ಮನುಷ್ಯರನ್ನು ಕಲ್ಲಿಗೆ ಹೋಲಿಸಬಾರದು. ಬಿರುಕಿದೆ ಎಂದು ಯಾರನ್ನೂ ಬಳಗದಿಂದ ಹೊರಗಿಡುವ ಹಾಗಿಲ್ಲ.

ಇನ್ನೊಂದು ಎಚ್ಚರಿಕೆ. ಇದೇ ರೀತಿ ನುಣುಪು ಮಾಡಿದ ಬೆಣಚುಕಲ್ಲುಗಳನ್ನು ಪೇಟೆಯಲ್ಲಿ ಕ್ರಿಸ್ಟಲ್ ಎಂದು, ರಾಶಿಯ ಕಲ್ಲು ಎಂದು, ಮನೆಗೆ ಶಾಂತಿ ತರುತ್ತದೆ ಎಂದು ಮಾರುತ್ತಾರೆ. ಬೆಣಚು ಎಂದರೆ ಸಿಲಿಕಾನ್ ಮತ್ತು ಆಮ್ಲಜನಕ, ಮರಳಿನಲ್ಲಿರುವುದೇ. 22 ಪ್ರತಿಜ್ಞೆ ತೆಗೆದುಕೊಂಡ ಕೈಗೆ ಆ ಉಂಗುರ ಒಪ್ಪುವುದಿಲ್ಲ.

ಹೊಳಪು ಎಂದಾಗ ಅಶೋಕ ಮಹಾರಾಜರು ನೆನಪಾಗದೆ ಇರುವುದಿಲ್ಲ. ಸಾರನಾಥದ ಸಿಂಹಗಳ ಮೈ, ಗಯೆಯ ಹತ್ತಿರ ಬರಾಬರ್ ಗುಹೆಯ ಗ್ರಾನೈಟ್ ಗೋಡೆ 2200 ವರ್ಷದ ಮೇಲೂ ಒಣಗಿದಂತೆಯೇ ಮಿನುಗುತ್ತವೆ. ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಮಾತ್ರ ಶಾಸನ ಇರುವುದು ಒರಟು ಬಂಡೆಯ ಮೇಲೆ. 1915ರಲ್ಲಿ ಅದನ್ನು ಕಂಡವನು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ದೇವಾನಾಂಪಿಯ ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರು ಮೊದಲು ಸಿಕ್ಕಿದ್ದು ಅಲ್ಲಿ. ಧಮ್ಮದಲ್ಲಿ ತೊಡಗಿದರೆ ಸಣ್ಣವನೂ ಈ ಗುರಿ ಮುಟ್ಟಬಲ್ಲ, ದೊಡ್ಡವರಿಗೆ ಮಾತ್ರ ಎಂದು ತಿಳಿಯಬಾರದು ಎಂಬ ಅರ್ಥದ ಮಾತು ಆ ಒರಟು ಬಂಡೆಯ ಮೇಲಿದೆ.

ಈ ಭಾನುವಾರ ವಂದನೆಯ ನಂತರ ಪಂಸುಧೋವಕ ಸುತ್ತ ಓದೋಣ. ತಮ್ಮ ನಾಲ್ಕೂ ಹಂತದ ಕಲ್ಲುಗಳನ್ನು ತರುತ್ತಾನೆ, ಒಣಗಿಸಿಯೇ ತರುತ್ತಾನೆ, ಮಕ್ಕಳನ್ನು ಕರೆದುಕೊಂಡು ಬನ್ನಿ. ಅಲ್ಲಿಯವರೆಗೆ ಒಂದು ಚೀಟಿಯಲ್ಲಿ ಬರೆದಿಡಿ, ಯಾರಿಗೂ ತೋರಿಸುವುದು ಬೇಡ: ಜಾತಿ, ಸೀಮೆ, ಯಾರು ಏನೆಂದುಕೊಂಡರೋ, ಈ ಮೂರರಲ್ಲಿ ಈ ವಾರ ನಿಮಗೆ ಬಂದದ್ದು ಯಾವುದು, ಯಾವ ಹೊತ್ತಿನಲ್ಲಿ, ಯಾರನ್ನು ನೋಡಿದಾಗ.

ಜೈ ಭೀಮ್. ನಮೋ ಬುದ್ಧಾಯ.